ಮುಖ ನೋಡಿ ಹಾಕಿದ ಉಪ್ಪು

ಗಂಗುಲಪ್ಪನ ಎಡದವಡೆಯ ಹಲ್ಲು ಇನ್ನೊಂದೇ ಒಂದು ದಿನ ತಡೆದುಕೊಂಡಿದ್ದರೆ ಯಾರಿಗೂ ಏನೂ ತೊಂದರೆ ಇರಲಿಲ್ಲ. ಎಷ್ಟೋ ತಿಂಗಳಿಂದ ಸಣ್ಣಗೆ ಅಲ್ಲಾಡುತ್ತ, ಮುನಿಸಿಕೊಂಡ ನೆಂಟನ ಹಾಗೆ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಅದು ಆವತ್ತು ಬೆಳಗ್ಗೆ ರಾಗಿರೊಟ್ಟಿಯ ಮೊದಲ ತುತ್ತಿಗೇ ಎದ್ದು ನಿಂತು ಕೂಗಾಡತೊಡಗಿತು.

"ಯಾಕ್ರೀ, ರೊಟ್ಟಿ ಸೀದೋಗಿದೆಯಾ?" ಎಂದಳು ಹೆಂಡತಿ ಶ್ಯಾಮಲಮ್ಮ.

"ಇಲ್ವಲ್ಲ, ಚೆನ್ನಾಗಿದೆ."

"ಬಾಯಿ ಚೆನ್ನಾಗಿದೆ ಅಂತಿದೆ. ಮುಖ ಬೇರೆ ಏನೋ ಹೇಳ್ತಿದೆ."

ಗಂಗುಲಪ್ಪನ ಕಷ್ಟವೇ ಅದು. ಅವನ ಮುಖಕ್ಕೆ ಗುಟ್ಟು ಇಟ್ಟುಕೊಳ್ಳಲು ಬರುತ್ತಿರಲಿಲ್ಲ. ಶ್ರೀನಿವಾಸಪುರದಲ್ಲಿ ಇಸ್ಪೀಟು ಆಡುವವರು ಅವನನ್ನು ಅಕ್ಕರೆಯಿಂದ ಕರೆದು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. ಅವನ ಕೈಗೆ ರಾಣಿ ಬಂದರೆ ಹುಬ್ಬು ಹೇಳುತ್ತಿತ್ತು, ಜೋಕರ್ ಬಂದರೆ ಕಿವಿ ಹೇಳುತ್ತಿತ್ತು. ಆದರೆ ಇಸ್ಪೀಟಿನಲ್ಲಿ ಸೋಲಿಸಿದ ಈ ಮುಖವೇ ಅವನಿಗೆ ಅನ್ನವನ್ನೂ ಕೊಟ್ಟಿತ್ತು.

ಕೋದಂಡರಾಮಪ್ಪನವರ ಉಪ್ಪಿನಕಾಯಿ ಕಾರ್ಖಾನೆ ಎಂದರೆ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಉದ್ದನೆಯ ಹೆಂಚಿನ ಮನೆ, ಒಳಗೆ ಸಾಲಾಗಿ ಜಾಡಿಗಳು, ಜಾಡಿಗಳ ಸುತ್ತ ಹೆಂಗಸರು. ಆವಕಾಯಿ ಕಲಸುವ ಹಿರಿತನ ಅನಸೂಯಮ್ಮನದು. ಆಕೆಯ ಕಟ್ಟಳೆ ಒಂದು: ಹೊಸಿಲ ಒಳಗೆ ಯಾರೂ ರುಚಿ ನೋಡುವಂತಿಲ್ಲ. ಕಲಸುವವರು ನಾಲಿಗೆಗೆ ಮುಟ್ಟಿಸಿದರೆ ಎಂಜಲು, ಎಂಜಲಾದ ಜಾಡಿಗೆ ಬೂಷ್ಟು ಗ್ಯಾರಂಟಿ. ಹಾಗಾದರೆ ಉಪ್ಪು ಸರಿಯಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಹೊಸಿಲಾಚೆ ಒಂದು ಚಪ್ಪಡಿ ಕಲ್ಲು ಹಾಕಿದ್ದರು. ಅದರ ಮೇಲೆ ಒಬ್ಬನನ್ನು ಕೂರಿಸಿ, ಮುತ್ತುಗದ ಎಲೆಯಲ್ಲಿ ಬಿಸಿ ಅನ್ನ, ಅದರ ಮೇಲೆ ಒಂದು ಹೋಳು ಬಡಿಸಿ, ಒಳಗಿನಿಂದ ಅವನ ಮುಖ ನೋಡುವುದು. ಅವನು ಹೇಳುವ ಮಾತನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

"ಬಡಿಸಿದೋರ ಎದುರಿಗೆ ಚೆನ್ನಾಗಿಲ್ಲ ಅಂತ ಯಾರಾದ್ರೂ ಅಂತಾರೇನು? ಬಾಯಿಗೆ ದಾಕ್ಷಿಣ್ಯ ಇರುತ್ತೆ, ಮುಖಕ್ಕೆ ಇರಲ್ಲ" ಎನ್ನುತ್ತಿದ್ದರು ಅನಸೂಯಮ್ಮ.

ಗೋಡೌನಿನ ಗುಮಾಸ್ತನಾಗಿ ಸೇರಿದ ಗಂಗುಲಪ್ಪ ಒಂದು ದಿನ ಆ ಕಲ್ಲಿನ ಮೇಲೆ ಕೂತ. ಅಂಥ ಮುಖ ಹೆಂಗಸರು ನೋಡಿರಲಿಲ್ಲ. ಒಂದು ಚಿಟಿಕೆ ಉಪ್ಪು ಹೆಚ್ಚಾದರೆ ಮೂಗಿನ ತುದಿಯಲ್ಲಿ, ಅರ್ಧ ಚಿಟಿಕೆ ಕಡಿಮೆಯಾದರೆ ಕೆಳತುಟಿಯಲ್ಲಿ ಗೊತ್ತಾಗುತ್ತಿತ್ತು. ಆಮೇಲೆ ಆ ಕಲ್ಲು ಅವನದೇ ಆಯಿತು. ವರ್ಷಾನುಗಟ್ಟಲೆ ದಿನಾ ಹೊಸ ಆವಕಾಯಿ ತಿಂದು ಅವನ ಹೊಟ್ಟೆ ಸುಣ್ಣದ ಗೂಡಿನ ಹಾಗೆ ಉರಿಯತೊಡಗಿತು. ಅವನಿಗಿದ್ದ ಆಸೆ ಒಂದೇ. ಆ ಕಲ್ಲಿನಿಂದ ಏಳಬೇಕು. ಎದ್ದು, ಮಧ್ಯಾಹ್ನ ನೆರಳಲ್ಲಿ ಕೂತು ಮೊಸರನ್ನ ತಿನ್ನಬೇಕು, ನಂಚಿಕೊಳ್ಳಲು ಏನೂ ಇಲ್ಲದೆ.

ಆ ಆಸೆ ಕೈಗೂಡಬೇಕಾಗಿದ್ದದ್ದು ಇವತ್ತೇ. ಕೋಲಾರದ ದೊಡ್ಡ ಸಗಟು ವ್ಯಾಪಾರಿ ಗೌಸ್ ಮೊಹಿದ್ದೀನ್ ಸಾಹೇಬರು ಸಂಜೆ ಸರಕು ನೋಡಲು ಬರುತ್ತಾರೆ. ಅವರು ಒಪ್ಪಿದರೆ ಗಂಗುಲಪ್ಪನೇ ಮ್ಯಾನೇಜರ್, ಕಲ್ಲಿಗೆ ಬೇರೆ ಯಾರನ್ನಾದರೂ ಹುಡುಕೋಣ ಎಂದು ಕೋದಂಡರಾಮಪ್ಪನವರು ಮಾತು ಕೊಟ್ಟಿದ್ದರು.

ಹೊತ್ತು ಏರುವಷ್ಟರಲ್ಲಿ ಎಡಕೆನ್ನೆ ಊದಿತು. ಒಳಗೆ ಯಾರೋ ಒಂದು ಗಿಣಿಮೂತಿ ಮಾವಿನಕಾಯಿ ಬಚ್ಚಿಟ್ಟ ಹಾಗೆ ಕಾಣುತ್ತಿತ್ತು. ಪಕ್ಕದ ಮನೆಯ ನಬೀ ಸಾಬ್, ಡಬ್ಬಕ್ಕೆ ಬೆಸುಗೆ ಹಾಕುವವನು, ಇಕ್ಕಳ ಹಿಡಿದುಕೊಂಡೇ ಬಂದ.

"ಏನ್ ಗಂಗುಲಪ್ಪಾ, ಒಂದೇ ಕಡೆ ದಪ್ಪ ಆಗಿದ್ದೀಯಾ? ಬಾಯಿ ತೆಗಿ, ಒಂದೇ ಏಟಿಗೆ ಕಿತ್ತಾಕ್ತೀನಿ."

"ಬೇಡ ನಬೀ, ಅದು ಡಬ್ಬ ಕೀಳೋ ಇಕ್ಕಳ."

"ಡಬ್ಬಕ್ಕಿಂತ ಹಲ್ಲು ಮೆತ್ತಗಿರುತ್ತೆ ಕಣಪ್ಪ."

ಎದುರುಮನೆಯ ಮುನಿಯಲ್ಲಮ್ಮ ನಬೀ ಸಾಬನನ್ನು ಪಕ್ಕಕ್ಕೆ ತಳ್ಳಿದಳು. ಅವಳ ಕೈಯಲ್ಲಿ ಲವಂಗದ ಎಣ್ಣೆ ಇತ್ತು. ತಾನೇನು ಕಡಿಮೆ ಎಂದು ನಬೀ ಸಾಬ್ ಅದರ ಮೇಲೆ ಹೊಗೆಸೊಪ್ಪು ಅದುಮಿದ. ಅವನು ಅದುಮಿದನಲ್ಲ ಎಂದು ಮುನಿಯಲ್ಲಮ್ಮ ಕೆನ್ನೆಗೆ ಬಿಸಿ ಉಪ್ಪಿನ ಗಂಟು ಒತ್ತಿದಳು. ಇಬ್ಬರೂ ಸೋಲಲು ಒಪ್ಪದ ಕಾರಣ ಗಂಗುಲಪ್ಪನ ನಾಲಿಗೆಯ ಎಡಭಾಗ ಮರಗಟ್ಟಿತು, ಕೆನ್ನೆ ಕೆಂಪಾಯಿತು, ನೋವು ಮಾತ್ರ ಇದ್ದಲ್ಲೇ ಇತ್ತು.

"ಇವತ್ತು ರಜ ಹಾಕ್ರೀ. ಹಲ್ಲುನೋವು ಅಂತ ಹೇಳಿ ಕಳಿಸ್ತೀನಿ" ಎಂದಳು ಶ್ಯಾಮಲಮ್ಮ.

"ಅದೊಂದು ಮಾತು ಮಾತ್ರ ಎತ್ತಬೇಡ ಕಣೇ!" ಎಂದು ಗಂಗುಲಪ್ಪ ಬೆಚ್ಚಿಬಿದ್ದ.

ಅನಸೂಯಮ್ಮನ ಎರಡನೆಯ ಕಟ್ಟಳೆ ಅವನಿಗೆ ಗೊತ್ತಿತ್ತು. ಮೈಯಲ್ಲಿ ನೋವಿರುವವರು ರುಚಿ ನೋಡಿದರೆ ನೋವು ಜಾಡಿಗೆ ಇಳಿಯುತ್ತದೆ ಎಂದು ಆಕೆಯ ನಂಬಿಕೆ. ಹಿಂದೊಮ್ಮೆ ನೆಗಡಿಯಾದವನೊಬ್ಬ ಕಲ್ಲಿನ ಮೇಲೆ ಕೂತು ಸೀನಿದನೆಂದು ಆಳೆತ್ತರದ ಜಾಡಿಯನ್ನೇ ತಿಪ್ಪೆಗೆ ಸುರಿಸಿದ್ದರು. ಇವತ್ತಿನ ಜಾಡಿ ತಿಪ್ಪೆ ಸೇರಿದರೆ ಸಾಹೇಬರಿಗೆ ತೋರಿಸುವುದೇನು? ಗಂಗುಲಪ್ಪ ಕೆನ್ನೆ ಮುಚ್ಚುವ ಹಾಗೆ ಟವಲು ಸುತ್ತಿಕೊಂಡು ಹೊರಟ.

ಕಾರ್ಖಾನೆಯಲ್ಲಿ ಕೋದಂಡರಾಮಪ್ಪನವರು ಆಗಲೇ ಭಾಷಣ ಶುರುಮಾಡಿದ್ದರು. ಹೋದ ವಾರ ಕೋಲಾರದಲ್ಲಿ ಸಣ್ಣ ಉದ್ಯಮಿಗಳಿಗೆಂದು ಒಂದು ಶಿಬಿರ ನಡೆದಿತ್ತು. ಕೋಟು ಹಾಕಿದ ಯಾರೋ ಮೇಷ್ಟ್ರು ಹೇಳಿದ್ದನ್ನೆಲ್ಲ ಅವರು ಬಿಸಿ ಆರದ ಹಾಗೆ ಊರಿಗೆ ತಂದಿದ್ದರು.

"ಮುಂದಾಳು ಅಂದ್ರೆ ಮುಂದೆ ನಿಲ್ಲೋನಲ್ಲ, ಹಿಂದೆ ನಿಲ್ಲೋನು" ಎಂದು ಹೇಳಿ, ಹೇಳಿದ ಹಾಗೆಯೇ ಒಬ್ಬೊಬ್ಬ ಹೆಂಗಸಿನ ಬೆನ್ನ ಹಿಂದೆ ಹೋಗಿ ನಿಲ್ಲುತ್ತಿದ್ದರು. ಆಂಧ್ರದ ಗಡಿಗೆ ಅಂಟಿದ ರಾಯಲ್ಪಾಡಿನ ಅಕ್ಕಯಮ್ಮ ಬೆಚ್ಚಿ ಬೆಳ್ಳುಳ್ಳಿ ಬುಟ್ಟಿ ಚೆಲ್ಲಿದಳು.

"ಅಯ್ಯೋ ನಾಯನಾ! ಹಿಂದೆ ನಿಂತ್ಕೋಬೇಡಿ ಸಾಮಿ, ಎದೆ ಒಡ್ದೋಗುತ್ತೆ."

"ಎರಡನೇದು. ಮಾಲು ಮಾಡೋರು ಗಿರಾಕಿ ಮುಖ ನೋಡ್ಬೇಕು."

"ಅದನ್ನ ನಾವು ಮೊದ್ಲಿಂದ ಮಾಡ್ತಿದೀವಲ್ಲ" ಎಂದರು ಅನಸೂಯಮ್ಮ.

"ಮೂರನೇದು. ಕೆಲಸದಲ್ಲಿ ಸಂತೋಷ ಇರ್ಬೇಕು. ನಾಳೆಯಿಂದ ಅದು ಕಂಪಲ್ಸರಿ." ಇಷ್ಟು ಹೇಳಿ ಬಾಗಿಲ ಕಡೆ ತಿರುಗಿದಾಗ ಅವರಿಗೆ ಟವಲು ಸುತ್ತಿದ ಗಂಗುಲಪ್ಪ ಕಂಡ. "ಏನಯ್ಯಾ ಇದು, ಬಿಸಿಲಲ್ಲಿ ಚಳೀನಾ?"

ಅನಸೂಯಮ್ಮ ಟವಲು ತೆಗೆಯಲು ಹೇಳಿದರು. ಮುಖವೇ ಕಾಣದಿದ್ದರೆ ಉಪ್ಪು ಹಾಕುವುದು ಹೇಗೆ? ಟವಲು ಬಿಚ್ಚಿದ ಮೇಲೆ ಎಲ್ಲರ ಕಣ್ಣೂ ಎಡಕೆನ್ನೆಯ ಮೇಲೆ ನಿಂತವು.

"ಎಲೆ ಅಡಿಕೆ" ಎಂದ ಗಂಗುಲಪ್ಪ.

"ರುಚಿ ನೋಡೋ ಬಾಯಲ್ಲಿ ಎಲೆ ಅಡಿಕೆನಾ? ಉಗುಳಿ ಬಾ."

ಅವನು ಗೋಡೆಯ ಹಿಂದೆ ಹೋಗಿ, ಉಗುಳುವ ಸದ್ದು ಮಾತ್ರ ಮಾಡಿ, ಬಾಯಿ ತೊಳೆದು ಬಂದ. ಕೆನ್ನೆ ಹೋದ ಹಾಗೆಯೇ ವಾಪಸು ಬಂದಿತ್ತು. ಅವರು ಮತ್ತೆ ಕೇಳುವ ಮೊದಲೇ ಕಲ್ಲಿನ ಮೇಲೆ ಅಡ್ಡವಾಗಿ ಕೂತು, ಬಲಕೆನ್ನೆಯನ್ನಷ್ಟೇ ಬಾಗಿಲಿಗೆ ಕೊಟ್ಟ.

"ಇವತ್ತು ಅರ್ಧ ಮುಖಾನೇ ಇರೋದು" ಎಂದಳು ಅಕ್ಕಯಮ್ಮ.

"ಇರೋ ಅರ್ಧ ಸರಿಯಾಗಿ ನೋಡೇ" ಎಂದರು ಅನಸೂಯಮ್ಮ.

ಎಲೆ ಬಂತು. ಆವಕಾಯಿಯ ಹೋಳೆಂದರೆ ಮಾವಿನ ವಾಟೆಯ ಚಿಪ್ಪೂ ಸೇರಿ ಕತ್ತರಿಸಿದ ತುಂಡು. ಕಚ್ಚಿದರೆ ಮರ ಕಚ್ಚಿದ ಹಾಗೆ. ಗಂಗುಲಪ್ಪ ಬಲಗಡೆಗೇ ಇಟ್ಟುಕೊಂಡು ಜಗಿದ. ಮರಗಟ್ಟಿದ ನಾಲಿಗೆಯ ಹಿಡಿತಕ್ಕೆ ಸಿಗದೆ ಹೋಳು ಎಡಕ್ಕೆ ಜಾರಿತು. ಚಿಪ್ಪು ನೇರವಾಗಿ ಹಲ್ಲಿನ ಮೇಲೆ ಹೋಗಿ ಕೂತಿತು.

ಹುಬ್ಬು ಹಣೆಗೆ ಏರಿತು. ಕಣ್ಣಿಂದ ನೀರು ಸುರಿಯಿತು. ತುಟಿ ಒಂದು ಕಡೆ, ಗಲ್ಲ ಇನ್ನೊಂದು ಕಡೆ ಹೊರಟವು.

"ಉಪ್ಪು ಎಕ್ಕುವೈಂದಿ!" ಎಂದು ಅಕ್ಕಯಮ್ಮ ಎದೆಗೆ ಕೈ ಇಟ್ಟುಕೊಂಡಳು. "ಜಾಸ್ತಿ ಆಗೋಗಿದೆ ಅನಸೂಯಕ್ಕಾ, ಅಳ್ತಿದಾನೆ ನೋಡು!"

"ಇಲ್ಲ, ಚೆನ್ನಾಗಿದೆ" ಎಂದ ಗಂಗುಲಪ್ಪ, ಕಣ್ಣೊರೆಸಿಕೊಳ್ಳುತ್ತ. ಅವನ ಮಾತನ್ನು ಯಾರು ಕೇಳಬೇಕು? ಅನಸೂಯಮ್ಮ ಆಗಲೇ ಬೆಲ್ಲ ಹೆರೆದು ಸುರಿಯುತ್ತಿದ್ದರು. ಆವಕಾಯಿಗೆ ಬೆಲ್ಲ ಬೀಳುವುದನ್ನು ನೋಡಿ ಅಕ್ಕಯಮ್ಮ ಆಚೆಗೆ ಮುಖ ತಿರುಗಿಸಿದಳು. ರಾಯಲ್ಪಾಡಿನ ಕಡೆ ಅದು ನಾಲ್ಕು ಜನಕ್ಕೆ ಹೇಳಿಕೊಳ್ಳುವಂಥ ವಿಷಯವಾಗಿರಲಿಲ್ಲ.

ಮಧ್ಯಾಹ್ನ ಎರಡನೆಯ ಎಲೆ ಬಂತು. ಈ ಸಲ ಗಂಗುಲಪ್ಪ ನಿಶ್ಚಯ ಮಾಡಿಕೊಂಡಿದ್ದ. ಪ್ರಾಣ ಹೋದರೂ ಮುಖ ಅಲ್ಲಾಡಬಾರದು. ಹೋಳನ್ನು ಜಗಿಯದೆ, ಮಾತ್ರೆಯ ಹಾಗೆ ನುಂಗಿ, ಎದುರಿನ ಬೇವಿನಮರವನ್ನೇ ನೋಡುತ್ತ ಕೂತ. ಕಣ್ಣು ರೆಪ್ಪೆ ಬಡಿಯಲಿಲ್ಲ, ಮೂಗು ಅರಳಲಿಲ್ಲ.

ಹೆಂಗಸರು ತುಂಬ ಹೊತ್ತು ಕಾದರು.

"ಏನೂ ಬರ್ಲಿಲ್ಲ" ಎಂದರು ಅನಸೂಯಮ್ಮ. ಅವರ ದನಿ ಸಣ್ಣಗಾಗಿತ್ತು. "ಇಷ್ಟು ವರ್ಷದಲ್ಲಿ ಇವನ ಮುಖದಲ್ಲಿ ಏನೂ ಬರ್ದೆ ಇದ್ದಿದ್ದೇ ಇಲ್ಲ. ಸಗಣಿ ಗೋಡೆ ಇದ್ದಂಗೆ ಕೂತಿದಾನೆ. ಪೂರ್ತಿ ಸಪ್ಪೆ ಆಗೋಗಿದೆ."

"ಖಾರ" ಎಂದಳು ಅಕ್ಕಯಮ್ಮ. ಬೆಲ್ಲದ ಸೇಡು ತೀರಿಸಿಕೊಳ್ಳುವ ಅವಕಾಶ ಅವಳಿಗೆ ಇಷ್ಟು ಬೇಗ ಸಿಗುತ್ತದೆಂದು ಗೊತ್ತಿರಲಿಲ್ಲ. ಎರಡೂ ಕೈ ಸೇರಿಸಿ ಖಾರದಪುಡಿ ಹಾಕಿದಳು. ಕಾರ್ಖಾನೆಗೆ ಕಾರ್ಖಾನೆಯೇ ಸೀನಿತು.

ಕೋದಂಡರಾಮಪ್ಪನವರು ಸೀನುತ್ತಲೇ ಬಂದು ಗಂಗುಲಪ್ಪನ ಹಿಂದೆ ನಿಂತರು. "ಏನಯ್ಯಾ, ಹೆಂಗಸರು ಗಾಬರಿ ಆಗಿದಾರೆ. ನಾಳೆ ಮ್ಯಾನೇಜರ್ ಆಗೋನು ಹಿಂಗೆ ಹೆಣದ ಥರ ಕೂತರೆ ಹೆಂಗೆ? ಸಂತೋಷವಾಗಿ ರುಚಿ ನೋಡು. ಸ್ವಲ್ಪ ನಗು."

ಮೂರನೆಯ ಎಲೆಗೆ ಗಂಗುಲಪ್ಪ ನಕ್ಕ. ಪಾಪ, ಅವನು ನಕ್ಕಿದ್ದು ಪೂರ್ತಿ ಮನಸ್ಸಿನಿಂದಲೇ. ಆದರೆ ಊದಿದ ಕಡೆಯ ತುಟಿ ಏಳಲಿಲ್ಲ, ಊದದ ಕಡೆಯದು ಮಾತ್ರ ಕಿವಿಯವರೆಗೆ ಹೋಯಿತು. ಅಂಥ ನಗುವನ್ನು ಗಂಡಿನ ಕಡೆಯವರು ತಂದ ಸೀರೆ ನೋಡಿ ಹೆಣ್ಣಿನ ಸೋದರತ್ತೆ ನಗುತ್ತಾಳೆ, ಬೇರೆ ಯಾರೂ ನಗುವುದಿಲ್ಲ.

ಅನಸೂಯಮ್ಮ ಸೌಟು ಕೆಳಗಿಟ್ಟರು.

"ನನ್ನ ಕೈ ಆವಕಾಯಿ ತಿಂದು ಮೂದಲಿಸಿ ನಗೋವಷ್ಟಾಯ್ತಾ? ಮ್ಯಾನೇಜರ್ ಆಗೋಕ್ಮುಂಚೇನೇ?"

"ಅಯ್ಯೋ ಇಲ್ಲಮ್ಮಾ, ಅದು ಸಂತೋಷ..."

"ಮುಖ ನನಗೆ ಓದೋಕೆ ಬರುತ್ತಪ್ಪ." ಕೋಪದಲ್ಲಿ ಆಕೆ ಕೈಗೆ ಸಿಕ್ಕ ಹುರಿದ ಮೆಂತ್ಯದ ಪುಡಿಯ ಬಟ್ಟಲನ್ನು ಹಾಗೇ ಜಾಡಿಗೆ ಬೋರಲು ಹಾಕಿ, ಇಂಗಿನ ನೀರನ್ನು ಅದರ ಮೇಲೆ ಸುರಿದು, ರಪರಪನೆ ತಿರುವಿದರು. "ಇದಕ್ಕೂ ನಗು, ನೋಡೋಣ."

ಅಷ್ಟರಲ್ಲಿ ಕೋಲಾರದ ಬಸ್ಸು ಬಂತು.

ಗೌಸ್ ಮೊಹಿದ್ದೀನ್ ಸಾಹೇಬರು ಬಿಳಿ ಜುಬ್ಬಾ ಹಾಕಿಕೊಂಡು ನಿಧಾನವಾಗಿ ನಡೆದುಬಂದರು. ಟವಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವ ಮಂಡಿಯಲ್ಲೇ ಬೆಳೆದವರು ಅವರು. ಅಲ್ಲಿ ಮುಖದಲ್ಲಿ ಏನಾದರೂ ಕಂಡರೆ ಅವತ್ತಿನ ಲಾಭ ಹೋದ ಹಾಗೆ. ಹಾಗಾಗಿ ಮದುವೆಯಲ್ಲೂ, ಮಣ್ಣು ಮಾಡುವಲ್ಲೂ ಅವರ ಮುಖ ಒಂದೇ ಥರ ಇರುತ್ತದೆಂದು ಕೋಲಾರದಲ್ಲಿ ಹೇಳುತ್ತಿದ್ದರು.

ಅವರನ್ನು ಕುರ್ಚಿ ಹಾಕಿ ಹೊಸಿಲಾಚೆ ಕೂರಿಸಿದರು. ಎಲೆ ಬಂತು. ಹೆಂಗಸರೆಲ್ಲ ಬಾಗಿಲಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಇಣುಕಿದರು. ಸಾಹೇಬರು ಒಂದು ಹೋಳು ಬಾಯಿಗಿಟ್ಟರು. ಜಗಿದರು. ನುಂಗಿದರು. ಇನ್ನೊಂದು ಹೋಳು ತೆಗೆದುಕೊಂಡರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

"ಅಚ್ಛಾ ಹೈ. ಚೆನ್ನಾಗಿದೆ" ಎಂದರು.

"ಇಲ್ಲ" ಎಂದರು ಅನಸೂಯಮ್ಮ ಒಳಗಿಂದ.

"ಏನಮ್ಮಾ ಇಲ್ಲ?"

"ನಿಮಗೆ ಹಿಡಿಸಿಲ್ಲ."

"ತಿಂದೋನು ನಾನು. ಹಿಡಿಸ್ತು ಅಂತ ನಾನೇ ಹೇಳ್ತಿದೀನಿ."

"ಬಾಯಲ್ಲಿ ಹೇಳ್ತಿದೀರ. ಮುಖದಲ್ಲಿ ಏನೂ ಇಲ್ಲ. ಗೊತ್ತಾಗದೇ ಇರೋ ಮಾಲು ಈ ಹೊಸಿಲು ದಾಟಲ್ಲ ಸಾಹೇಬ್ರೆ. ನಾನು ಮತ್ತೆ ಕಲಸ್ತೀನಿ."

ಸಾಹೇಬರು ಎದ್ದು ನಿಂತರು. "ಕ್ಯಾ ಬಾತ್ ಹೈ ಕೋದಂಡರಾಮಪ್ಪನವರೇ! ಕೊಳ್ಳೋನು ಬೇಕು ಅಂತಾನೆ, ಮಾರೋರು ಬೇಡ ಅಂತಾರೆ. ಇಂಥ ದುಕಾನು ನಾನು ನೋಡಿಲ್ಲ. ನನ್ನ ಬಸ್ಸಿಗೆ ಹೊತ್ತಾಯ್ತು."

ಕೋದಂಡರಾಮಪ್ಪನವರಿಗೆ ಶಿಬಿರದಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ. ಅವರು ಓಡಿಹೋಗಿ ಅನಸೂಯಮ್ಮನ ಹಿಂದೆ ನಿಂತರು, ಆಮೇಲೆ ಸಾಹೇಬರ ಹಿಂದೆ ನಿಂತರು. ಎಲ್ಲಿ ನಿಂತರೂ ಏನೂ ಆಗಲಿಲ್ಲ.

ಗಂಗುಲಪ್ಪನ ಕಣ್ಣೆದುರಿಗೆ ಮೊಸರನ್ನ ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಿತ್ತು. ಅವನಿಗೆ ಹೊಳೆದದ್ದು ಒಂದೇ ದಾರಿ. ಹೆಂಗಸರು ನಂಬುವ ಮುಖ ಊರಲ್ಲಿ ಇರುವುದು ತನ್ನದೊಂದೇ.

"ಅಮ್ಮಾ, ಇನ್ನೊಂದ್ಸಲ ನನ್ನ ಮುಖ ನೋಡಿ! ಪೂರ್ತಿ ನೋಡಿ!" ಎಂದು ಕೂಗಿ, ಕಲ್ಲಿನ ಮೇಲೆ ನೇರವಾಗಿ ತಿರುಗಿ ಕೂತು, ಸಾಹೇಬರ ಜೊತೆ ತನಗೂ ಬಡಿಸಿದ್ದ ಎಲೆಯಲ್ಲಿನ ಎಲ್ಲಕ್ಕಿಂತ ದೊಡ್ಡ ಹೋಳನ್ನು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಎಡಗಡೆಯೋ ಬಲಗಡೆಯೋ ನೋಡದೆ ಬಲವಾಗಿ ಕಚ್ಚಿದ.

ಕಟ್ ಎಂದು ಸದ್ದಾಯಿತು.

ಒಂದು ಗಳಿಗೆ ಅವನಿಗೆ ಏನಾಯಿತೆಂದು ತಿಳಿಯಲಿಲ್ಲ. ಆಮೇಲೆ ಬೆಳಗಿನಿಂದ ಬಾಯೊಳಗೆ ಕೂಗಾಡುತ್ತಿದ್ದವನು ಬಾಗಿಲು ಹಾಕಿಕೊಂಡು ಹೊರಟುಹೋದ ಹಾಗೆ ಎಲ್ಲ ನಿಶ್ಶಬ್ದವಾಯಿತು. ವಾಟೆಯ ಚಿಪ್ಪು ಉಗುಳುವವನ ಹಾಗೆ ಟವಲಿನ ತುದಿಯನ್ನು ಬಾಯಿಗೆ ಒತ್ತಿ, ಸಿಕ್ಕಿದ್ದನ್ನು ಮಡಿಕೆಯೊಳಗೆ ಸೇರಿಸಿದ. ನೋವು ಇರಲಿಲ್ಲ. ಗಂಗುಲಪ್ಪನ ಹಣೆ ಸಡಿಲವಾಯಿತು, ಹುಬ್ಬು ಇಳಿಯಿತು, ಕಣ್ಣು ತೇವವಾಗಿ ಹೊಳೆಯಿತು, ತುಟಿಗಳೆರಡೂ ತಾವಾಗಿ ಅರಳಿದವು. ಹಾಲು ಕುಡಿದು ಮಲಗಿದ ಕೂಸಿನ ಮುಖವನ್ನು ಮೀಸೆಯ ಹಿಂದೆ ಇಟ್ಟ ಹಾಗಿತ್ತು.



"ಸಾಕು" ಎಂದರು ಅನಸೂಯಮ್ಮ. ಅವರ ಕಣ್ಣಲ್ಲೂ ನೀರಿತ್ತು. "ನನ್ನ ಜನ್ಮ ಸಾರ್ಥಕ ಆಯ್ತು. ಈ ಜಾಡಿ ಹೊಸಿಲು ದಾಟಬಹುದು."

ಸಾಹೇಬರು ಕೂಡ ಬಸ್ಸು ಮರೆತು ನಿಂತಿದ್ದರು. "ಯಾ ಅಲ್ಲಾ! ಬಿರಿಯಾನಿ ತಿಂದೋರ ಮುಖಾನೂ ಹಿಂಗೆ ಆಗಿದ್ದು ನೋಡಿಲ್ಲ. ಕೋದಂಡರಾಮಪ್ಪನವರೇ, ನಿಮ್ಮಲ್ಲಿ ಎಷ್ಟು ಜಾಡಿ ಆಗುತ್ತೋ ಎಲ್ಲಾ ನನಗೆ. ಸೀಸನ್ ಮುಗಿಯೋವರೆಗೂ ನನಗೇ. ಆದ್ರೆ ಒಂದು ಮಾತು. ಇದೇ ರುಚಿ ಬೇಕು. ಆ ಹಿಂದ್ಗಡೆ ಬರೋ ಸಿಹಿ, ಮೇಲೆ ಆ ಖಾರ, ಕೊನೇಲಿ ಸ್ವಲ್ಪ ಕಹಿ. ಒಂದು ಚೂರು ಆಚೆ ಈಚೆ ಆದ್ರೂ ವಾಪಸ್."

ಸಾಹೇಬರು ಹೊರಟರು. ಕೋದಂಡರಾಮಪ್ಪನವರು ಎಲ್ಲರಿಗೂ ಟೀ ತರಿಸಿದರು. ತಮ್ಮ ಪಕ್ಕದ ಕುರ್ಚಿಯನ್ನು ತಾವೇ ಒರೆಸಿ, "ಬಾರಯ್ಯಾ ಮ್ಯಾನೇಜರ್" ಎಂದು ಕರೆದರು. ಗಂಗುಲಪ್ಪ ಆ ಕುರ್ಚಿಯಲ್ಲಿ ಕೂತು ಬಲಗಡೆಯಿಂದ ಟೀ ಹೀರಿದ. ಕೂತ ಜಾಗದಿಂದ ಹೊಸಿಲಾಚೆಯ ಕಲ್ಲು ದೂರದ ನೆಂಟರ ಮನೆಯ ಹಾಗೆ ಕಾಣುತ್ತಿತ್ತು.

"ಅನಸೂಯಮ್ಮಾ, ಇವತ್ತಿಂದು ಅಳತೆ ಹೇಳಿ, ನಾಳೆಯಿಂದ ಅದೇ ಥರ ಹಾಕೋಣ" ಎಂದರು ಕೋದಂಡರಾಮಪ್ಪನವರು. "ಬೆಲ್ಲ ಎಷ್ಟು?"

"ಅಳತೆ ಎಲ್ಲಿಂದ ಬರ್ಬೇಕು ಸ್ವಾಮಿ? ಇವನು ಅತ್ತ, ಆ ಅಳು ನಿಲ್ಲೋಷ್ಟು ಹಾಕ್ದೆ."

"ಖಾರ?"

"ಗೋಡೆ ಥರ ಕೂತಿದ್ದನಲ್ಲಾ, ಆ ಗೋಡೆಗೆ ತಕ್ಕಷ್ಟು" ಎಂದಳು ಅಕ್ಕಯಮ್ಮ.

"ಮೆಂತ್ಯ?"

"ಆ ದರಿದ್ರ ನಗುವಿಗೆ ತಕ್ಕಷ್ಟು."

ಕೋದಂಡರಾಮಪ್ಪನವರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಎಲ್ಲರೂ ನಿಧಾನವಾಗಿ ಗಂಗುಲಪ್ಪನ ಕಡೆ ತಿರುಗಿದರು. ಅವನು ಮ್ಯಾನೇಜರ್ ಆಗಿ ಅರ್ಧ ಲೋಟ ಟೀ ಆಗಿತ್ತು.

"ಇವನ ಮುಖ ಇಲ್ದೆ ನಮ್ಮ ಕೈಲಿ ಆಗಲ್ಲ. ಬೇರೆಯೋರ ಮುಖ ತಂದು ಕೂರಿಸಿದ್ರೂ ಆಗಲ್ಲ" ಎಂದರು ಅನಸೂಯಮ್ಮ. ಆಕೆ ಯಾರನ್ನೂ ಹೊಗಳುವವರಲ್ಲ. ಗಂಗುಲಪ್ಪನಿಗೆ ಎದೆ ತುಂಬಿಬಂತು. ಇಷ್ಟು ವರ್ಷದ ಕೆಲಸಕ್ಕೆ ಇಂಥ ಮಾತು ಅವನು ಕೇಳಿಯೇ ಇರಲಿಲ್ಲ. ಆ ಖುಷಿಯಲ್ಲಿ ತಾನು ಎದ್ದದ್ದೂ, ನಡೆದದ್ದೂ, ಕಲ್ಲಿನ ಮೇಲೆ ಕೂತದ್ದೂ ಅವನಿಗೆ ಗೊತ್ತಾಗಲಿಲ್ಲ. ಗೊತ್ತಾಗುವಷ್ಟರಲ್ಲಿ ಮುಂದೆ ಎಲೆ ಬಂದಿತ್ತು.

ಬೇರೆ ಸಣ್ಣ ಜಾಡಿಯಲ್ಲಿ ಹೊಸದಾಗಿ ಕಲಸಿದ ಹೋಳು. ಅವನು ತಿಂದ. ದಿನವಿಡೀ ನೋವಿನಲ್ಲಿ ಕಳೆದವನಿಗೆ ಯಾವ ಊಟ ರುಚಿಸುವುದಿಲ್ಲ? ಮುಖ ಮತ್ತೆ ಅರಳಿತು.

"ಇದಲ್ಲ" ಎಂದರು ಅನಸೂಯಮ್ಮ. "ಬೆಳಗ್ಗೆ ಅತ್ತಿದ್ದೆಯಲ್ಲಾ, ಆ ಮುಖ ಮಾಡು. ಅದು ಬಂದ್ರೆ ಬೆಲ್ಲ ಎಷ್ಟು ಅಂತ ನನ್ನ ಕೈಗೆ ಗೊತ್ತಾಗುತ್ತೆ."

ಅವನು ಹುಬ್ಬು ಎತ್ತಿದ. ಗಲ್ಲ ತಿರುಚಿದ. ನಾಟಕದ ಕಂಪನಿಯವರು ಕೂಡ ಇಷ್ಟು ಕೆಟ್ಟದಾಗಿ ಅಳುತ್ತಿರಲಿಲ್ಲ.

"ಸುಳ್ಳು" ಎಂದಳು ಅಕ್ಕಯಮ್ಮ.

ಬೇರೆ ದಾರಿ ಕಾಣದೆ ಗಂಗುಲಪ್ಪ ಟವಲಿನ ಮಡಿಕೆ ಬಿಚ್ಚಿ ಹಲ್ಲನ್ನು ಎಲೆಯ ಅಂಚಿನಲ್ಲಿಟ್ಟ. ಬೆಳಗಿನಿಂದ ನಡೆದದ್ದನ್ನೆಲ್ಲ ತಲೆ ತಗ್ಗಿಸಿ ಹೇಳಿದ. ಹೇಳಿ, ತಿಪ್ಪೆಯ ಕಡೆ ಒಮ್ಮೆ, ಜಾಡಿಯ ಕಡೆ ಒಮ್ಮೆ ನೋಡಿದ.

ಅನಸೂಯಮ್ಮ ಹಲ್ಲನ್ನೊಮ್ಮೆ, ಹೊಸಿಲನ್ನೊಮ್ಮೆ ನೋಡಿದರು. ಸೀಸನ್ ಪೂರ್ತಿಯ ಆರ್ಡರು ಎದುರಿಗಿತ್ತು. "ಹಲ್ಲು ಬಿದ್ದಿದ್ದು ಹೊಸಿಲ ಆಚೆ ತಾನೇ?" ಎಂದು ಕೇಳಿದರು.

"ಆಚೇನೇ ಅಮ್ಮಾ. ಈ ಕಲ್ಲಿನ ಮೇಲೆ."

"ಹಂಗಾದ್ರೆ ನೋವು ಒಳಗೆ ಬಂದಿಲ್ಲ. ಜಾಡಿಗೆ ದೋಷ ಇಲ್ಲ."

ಎಲ್ಲರೂ ಉಸಿರು ಬಿಟ್ಟರು. ಕೋದಂಡರಾಮಪ್ಪನವರು ಮಾತ್ರ ಬಿಡಲಿಲ್ಲ. ಅವರು ಎಲೆಯ ಮೇಲಿನ ಹಲ್ಲನ್ನೇ ನೋಡುತ್ತಿದ್ದರು. ಆಮೇಲೆ, ಇಡೀ ದಿನದಲ್ಲಿ ಮೊದಲ ಸಲ, ಗಂಗುಲಪ್ಪನ ಮುಂದೆ ಬಂದು ನಿಂತರು. ಬಗ್ಗಿ ಅವನ ಗಲ್ಲ ಹಿಡಿದರು. ದನಿಯಲ್ಲಿ ತುಂಬ ವಾತ್ಸಲ್ಯವಿತ್ತು.

"ಎಲ್ಲಿ, ಬಾಯಿ ತೆಗಿಯಪ್ಪ ಮ್ಯಾನೇಜರ್. ಬಲಗಡೆ ಯಾವ್ದಾದ್ರೂ ಅಲ್ಲಾಡ್ತಿದೆಯಾ, ನೋಡೋಣ."